ತಾಸೆನಾದ ಮೀಮಾಂಸೆ: ಎರವಲೋ ಸ್ವಯಂಭುವೋ

ಉಡುಪಿ ಸೀಮೆಯ ಡಿಜೆ ಮಂಡಲಿಗಳನ್ನು ಎರಡು ಹೋಳಾಗಿಸಿರುವ ವಿವಾದವು ಮೇಲ್ನೋಟಕ್ಕೆ ಲ್ಯಾಪ್‌ಟಾಪಿಗೆ ಸಂಬಂಧಿಸಿದ್ದೆಂದು ಕಂಡರೂ ಮೂಲತಃ ವೇದಾಂತಕ್ಕೆ ಸೇರಿದ್ದು. ಬೇರೊಬ್ಬರು ಬಾರಿಸಿ ಮುದ್ರಿಸಿದ ನಾದದ ತುಣುಕನ್ನು ಕತ್ತರಿಸಿ ಹೊಸ ಹಾಡಿನಲ್ಲಿ ಕೂರಿಸುವುದಕ್ಕೆ ಸ್ಯಾಂಪ್ಲಿಂಗ್ ಎಂದೂ, ವಿದ್ಯುತ್ ಕಂಪನಗಳಿಂದ ನಾದವನ್ನು ಬುಡದಿಂದಲೇ ಕಟ್ಟುವ ಯಂತ್ರಕ್ಕೋ ತಂತ್ರಾಂಶಕ್ಕೋ ಸಿಂಥಸೈಜರ್ ಎಂದೂ ಹೆಸರು. ಮೊದಲನೆಯದನ್ನು ನೆಚ್ಚಿದವರನ್ನು ಕತ್ತರಿ ಪಂಥದವರೆಂದೂ, ಎರಡನೆಯದನ್ನು ನೆಚ್ಚಿದವರನ್ನು ಸ್ವಯಂಭೂ ಪಂಥದವರೆಂದೂ ಇಲ್ಲಿ ಕರೆಯಲಾಗಿದೆ. ಎರಡಕ್ಕೂ ಮಣಿಪಾಲದ ಹಾಸ್ಟೆಲ್ ಕೋಣೆಗಳೇ ಪೀಠವಾಗಿದ್ದು, ಪರ್ಯಾಯವು ಕೃಷ್ಣಮಠದಂತೆ ಎರಡು ವರ್ಷಕ್ಕೊಮ್ಮೆಯಾಗದೆ ಸೆಮಿಸ್ಟರಿಗೊಮ್ಮೆ ನಡೆಯುತ್ತದೆ.

ವಿವಾದದ ವಸ್ತು ತಾಸೆ. ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿಯಂದು ಹುಲಿವೇಷಗಳನ್ನು ಕುಣಿಸುವ ಇದು, ಕೊರಳಿಗೆ ತೂಗುಹಾಕಿಕೊಂಡು ಎರಡು ಸಪೂರ ಕೋಲುಗಳಿಂದ ಬಾರಿಸುವ ಚರ್ಮವಾದ್ಯ. ಸೋಣ ತಿಂಗಳ ಮಳೆಗೆ ಚರ್ಮ ಸಡಿಲಾಗಿ ಸದ್ದು ಮಂಕಾದೊಡನೆ, ಬಾರಿಸುವವನು ಅಂಗಡಿ ಜಗಲಿಯ ಮಗ್ಗುಲಲ್ಲಿ ಹಳೆಯ ಪೇಪರು ಉರಿಸಿ, ವಾದ್ಯವನ್ನು ಬೆಂಕಿಯ ಮೇಲೆ ಕವುಚಿ ಹಿಡಿದು, ಬೆರಳಿನಿಂದ ತಟ್ಟಿ ನೋಡಿ, ಒಪ್ಪಿಗೆಯಾಗದೆ ಮತ್ತೆ ಕಾಯಿಸುತ್ತಾನೆ. ಕತ್ತರಿ ಪಂಥದವರಿಗೆ ಈ ಬೆಂಕಿಯ ಫಲ ಪುಕ್ಕಟೆಯಾಗಿ ದೊರೆಯುತ್ತದೆ. ಸ್ವಯಂಭೂ ಪಂಥದವರು ಅದನ್ನೇ ಎಸಿ ಕೋಣೆಯಲ್ಲಿ ಕುಳಿತು, ಪರದೆಯ ಮೇಲಿನ ಗುಂಡಿಗಳನ್ನು ತಿರುಗಿಸಿ ಪಡೆಯಲು ಹೆಣಗುತ್ತಾರೆ.

ಮೂಲವೂ ಅದರ ಪ್ರತಿಬಿಂಬವೂ ಬೇರೆಬೇರೆಯಾದ್ದರಿಂದ ಎರವಲು ತಂದವನು ಕರ್ತೃವಾಗಲಾರನೆಂಬುದು ಸ್ವಯಂಭೂ ಪಂಥದ ವಾದ. ಭೇದವೇ ಸತ್ಯವೆಂದು ಮಧ್ವಾಚಾರ್ಯರು 13ನೆಯ ಶತಮಾನದಲ್ಲೇ ಸಾಧಿಸಿದ ಊರಿನಲ್ಲಿ ಈ ಮಾತಿಗೆ ತಲೆದೂಗುವವರು ಸಿಗದಿರುವುದಿಲ್ಲ. ಇದಕ್ಕೆ ಕತ್ತರಿ ಪಂಥವು ಕಾರ್ಕಳದ ಕಡೆಗೆ ಕೈ ತೋರಿಸುತ್ತದೆ. ಶ್ರವಣಬೆಳಗೊಳದ ಗೊಮ್ಮಟ ನಿಂತು ನಾಲ್ಕೂವರೆ ಶತಮಾನ ಕಳೆದ ಮೇಲೆ, 1432ರಲ್ಲಿ, ಅರಸ ವೀರಪಾಂಡ್ಯನು ಅದೇ ಬಾಹುಬಲಿಯನ್ನು 42 ಅಡಿಗೆ ಇಳಿಸಿ ನಿಲ್ಲಿಸಿದಾಗ ನಕಲೆಂದು ಯಾರೂ ದೂರದ ಕಾರಣ, ಅದೇ ಕರಾವಳಿಯ ಆದಿ ಸ್ಯಾಂಪಲ್ ಎಂಬುದು ಅವರ ಸಿದ್ಧಾಂತ. ಶಿಲ್ಪಿಯು ಬೆಳಗೊಳದ ಬಂಡೆಯನ್ನು ಕತ್ತರಿಸಿ ತಾರದೆ ಹೊಸ ಶಿಲೆಯಲ್ಲಿ ಕಡೆದನಾದ್ದರಿಂದ ಅದು ಶುದ್ಧ ಸಿಂಥಸಿಸ್ ಎಂದು ಪ್ರತಿಪಕ್ಷ. ಒಬ್ಬನೇ ಬಾಹುಬಲಿ ಎರಡೂ ಕಡೆಗೆ ಸಾಕ್ಷಿಯಾದ ಬಳಿಕ ಆ ಮೂರ್ತಿಯ ಮಂದಹಾಸಕ್ಕೆ ಬೇರೆ ವ್ಯಾಖ್ಯಾನ ಬೇಕಿಲ್ಲ.

ಕಾರ್ಕಳದ ಸಾಕ್ಷ್ಯದ ಮುಂದೆ ಕಾಪು ಕಡಲತೀರ ಒದಗಿಸುವ ಪ್ರಮಾಣ ಕಿರಿದು. ಎಲ್ಲ ಕಂಪನಾಂಕಗಳೂ ಸಮನಾಗಿ ಬೆರೆತ ‘ವೈಟ್ ನಾಯ್ಸ್’ ಎಂಬ ಸದ್ದನ್ನು ಸೋಸಿ, ಏರಿಳಿಸಿ ಸಮುದ್ರದ ಮೊರೆತವನ್ನು ಹುಟ್ಟಿಸಬಹುದು; 1901ರ ದೀಪಸ್ತಂಭದ ಬಳಿ ಮೊಬೈಲಿನಲ್ಲಿ ಹಿಡಿದ ನಿಜವಾದ ಮೊರೆತದಲ್ಲಾದರೋ ಚರುಮುರಿ ಮಾರುವವನ ಕೂಗೂ ಸೇರಿಕೊಂಡು, ಅವನೂ ಸಹಕರ್ತೃವಾಗುವ ಅಪಾಯವಿದೆ.

ಕೃತಿಸ್ವಾಮ್ಯ ಕಾಯ್ದೆಯೂ ಮಣಿಪಾಲದ ಇಂಜಿನಿಯರಿಂಗ್ ಕಾಲೇಜೂ 1957ರಲ್ಲೇ ಹುಟ್ಟಿದವೆಂಬುದನ್ನು ಕಾಕತಾಳೀಯವೆಂದು ಕಡೆಗಣಿಸತಕ್ಕದ್ದಲ್ಲ, ಕಡೆಗಣಿಸಿದರೂ ನಷ್ಟವಿಲ್ಲ. ಆ ಕಾಯ್ದೆಯ ಪ್ರಕಾರ ಧ್ವನಿಮುದ್ರಿಕೆಗೆ ಪ್ರಕಟಣೆಯ ನಂತರ 60 ವರ್ಷ ಹಕ್ಕುಂಟು, ಅದರ ಕರ್ತೃವೆಂದರೆ ನಿರ್ಮಾಪಕ. ತಲೆಮಾರುಗಳಿಂದ ಬಂದ ಹುಲಿಕುಣಿತದ ಪೆಟ್ಟುಗಳಿಗೆ ಒಡೆಯನಿಲ್ಲ. ಹೀಗಾಗಿ ಕರ್ತೃತ್ವಕ್ಕೆ ತಾಸೆ ಕಾಯಿಸಿ ಬಾರಿಸಿದವನಿಗಿಂತ ಅವನೆದುರು ಮೈಕ್ ಇಡಿಸಿದವನೇ ಹತ್ತಿರ. ಅಮೆರಿಕದ ವಿನ್‌ಸ್ಟನ್ಸ್ ತಂಡದ ಗ್ರೆಗರಿ ಕೋಲ್ಮನ್ 1969ರಲ್ಲಿ ‘ಅಮೆನ್, ಬ್ರದರ್’ ಹಾಡಿಗೆ ಬಾರಿಸಿದ ಸುಮಾರು 7 ಸೆಕೆಂಡುಗಳ ಡ್ರಮ್ ತುಣುಕು ಸಾವಿರಾರು ಹಾಡುಗಳಲ್ಲಿ ಮರುಬಳಕೆಯಾದರೂ ಅವನ ಕೈಗೆ ಗೌರವಧನ ಬರಲಿಲ್ಲ; ಉಡುಪಿಯ ತಾಸೆಯವನಿಗೆ ವಿಟ್ಲಪಿಂಡಿಯ ದಿನದ ಸಂಬಳವಾದರೂ ಉಂಟು. ಎರಡೂ ಪಂಥಗಳ ವಾದಗ್ರಂಥಗಳಲ್ಲಿ ಅವನ ಹೆಸರು ಬಾರದಿರುವುದು ಕೇವಲ ಸ್ಥಳಾಭಾವದಿಂದ, ಮತ್ತು ಅವನ ನಾದವಿರುವ ಫೈಲಿಗೆ ‘ಪಿಲಿ ಬೀಟ್ ಫೈನಲ್ 2’ ಎಂದು ಆಗಲೇ ನಾಮಕರಣವಾಗಿರುವುದರಿಂದ.