ಲಿಂಗನಮಕ್ಕಿಯವರ ಸನ್ನಿಧಾನಕ್ಕೆ ಒತ್ತುವರಿದಾರರ ಅರಿಕೆ

ಮಹಾರಾಜಶ್ರೀ ಲಿಂಗನಮಕ್ಕಿ ಅಣೆಕಟ್ಟೆಯವರಿಗೆ ಮುಳುಗಡೆಯವರು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ತಾವು 1964ರವರು. ಸರ್ಕಾರಿ ನೌಕರರಾಗಿದ್ದರೆ ಇಷ್ಟು ಹೊತ್ತಿಗೆ ಹಾರ ಹಾಕಿಸಿಕೊಂಡು ಪಿಂಚಣಿ ಎಣಿಸುತ್ತಿದ್ದಿರಿ. ತಮ್ಮ ಮೇಲೆ ನಾಡಿಗೆ ಎಂಥ ಕಾಳಜಿ! ಮಳೆಗಾಲ ಹಿಡಿಯಿತೆಂದರೆ ಪತ್ರಿಕೆಯಲ್ಲಿ ದಿನವೂ ತಮ್ಮ ಹೊಟ್ಟೆಯ ಅಳತೆ: ಗರಿಷ್ಠ 1819 ಅಡಿ, ಇಂದು ಇಷ್ಟು, ಹೋದ ವರ್ಷ ಇದೇ ದಿನ ಇಷ್ಟು. ನಮ್ಮ ಜಮೀನಿನ ಅಳತೆಯನ್ನು ಇದರ ಕಾಲುಭಾಗ ಶ್ರದ್ಧೆಯಿಂದ ಬರೆದಿಟ್ಟಿದ್ದರೂ ಈ ಪತ್ರದ ಗೊಡವೆ ಇರುತ್ತಿರಲಿಲ್ಲ.

ದೂರಲ್ಲ ಇದು. ಒಡಹುಟ್ಟಿದವನನ್ನೇ ಬಿಡದವರು ತಾವು. ಜೋಗದ ವಿದ್ಯುದಾಗಾರಕ್ಕೆಂದು 1948ರಲ್ಲಿ ಎದ್ದು ನಿಂತ ಹಿರೇಭಾಸ್ಕರ ಅಣೆಕಟ್ಟೆಯನ್ನು ಹದಿನಾರೇ ವರ್ಷಕ್ಕೆ ನುಂಗಿದಿರಿ. ಮಳೆ ಕೈಕೊಟ್ಟ ವರ್ಷದ ಬೇಸಿಗೆಯಲ್ಲಿ ಪಾಪ, ಅಣ್ಣ ತಲೆ ಎತ್ತುತ್ತಾನೆ. ಪೇಟೆಯವರು ಅವನ ಸೈಫನ್‌ಗಳ ಮುಂದೆ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ. ಅಣ್ಣನಿಗೇ ಈ ಗತಿಯೆಂದ ಮೇಲೆ ಅಡಿಕೆ ತೋಟ, ಗದ್ದೆ, ಭೂತಪ್ಪನ ಕಟ್ಟೆ ಯಾವ ಲೆಕ್ಕ?

ತಮ್ಮ ನೀರಿನಿಂದ ಶರಾವತಿ ವಿದ್ಯುದಾಗಾರ 1035 ಮೆಗಾವಾಟ್ ತೆಗೆಯಬಲ್ಲದು. ನಾಡೆಲ್ಲ ಬೆಳಗಲಿ. ತುಮರಿ ಕಡೆಯವರು ಮಾತ್ರ ಹೆರಿಗೆ ನೋವಿದ್ದರೂ ಲಾಂಚ್ ಬರುವ ತನಕ ಹೊಳೆಬಾಗಿಲಿನಲ್ಲಿ ಕಾಯಬೇಕಿತ್ತು. 2025ರ ಜುಲೈಯಲ್ಲಿ ಸೇತುವೆಯೂ ಆಯಿತು. ಸಿಗಂದೂರು ಚೌಡಮ್ಮನ ಭಕ್ತರ ಕಾರುಗಳ ಸಾಲು ಅಷ್ಟುದ್ದ ಬೆಳೆಯದಿದ್ದರೆ ಆಗುತ್ತಿತ್ತೋ ಇಲ್ಲವೋ, ಆ ತಾಯಿಗೇ ಗೊತ್ತು.

ಇನ್ನು ನಮ್ಮ ವಿಷಯ. ಲಾರಿಯಲ್ಲಿ ತುಂಬಿ ತಂದು ಕಾಡಿನಂಚಿಗೆ ಇಳಿಸಿದವರೇ ಈಗ, 'ಇಲ್ಲಿ ಯಾಕೆ ಇದ್ದೀರಿ?' ಎನ್ನುತ್ತಾರೆ. ಪಹಣಿ ತೆಗೆಸಿದರೆ ಅರಣ್ಯ ಎಂದು ಬರುತ್ತದೆ. ಸರ್ಕಾರ ಡಿನೋಟಿಫೈ ಮಾಡಿತ್ತು, ನಿಜ. 1980ರ ಕಾಯ್ದೆಯಂತೆ ಕೇಂದ್ರದ ಒಪ್ಪಿಗೆ ಪಡೆಯುವುದನ್ನು ಮರೆತಿತ್ತು, ಅಷ್ಟೆ. 2021ರಲ್ಲಿ ಅದು ಹೈಕೋರ್ಟಿನಲ್ಲಿ ಬಿದ್ದುಹೋಯಿತು. ಕಾಡು ಉಳಿಯಬೇಕಲ್ಲ! ಅದೇ ಶರಾವತಿ ಕಣಿವೆಯ ಸಿಂಗಳೀಕದ ಅಭಯಾರಣ್ಯದಲ್ಲಿ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್‌ಗೆ ಸುರಂಗ ಕೊರೆಯುವ ಯೋಜನೆಯಿದೆ. ಗೇರುಸೊಪ್ಪಕ್ಕೆ ಇಳಿದ ನೀರನ್ನು ತಳಕಳಲೆಗೆ ಎತ್ತಿ ಮತ್ತೆ ಇಳಿಸುವುದಂತೆ; ಎತ್ತಲು ತಗಲುವ ಕರೆಂಟು ಇಳಿಸಿದಾಗ ಸಿಗುವುದಕ್ಕಿಂತ ಹೆಚ್ಚು. ಸುರಂಗ ಅಭಿವೃದ್ಧಿ, ನಮ್ಮ ಕೊಟ್ಟಿಗೆ ಒತ್ತುವರಿ.

ಕಡೆಗೆ ಅರಣ್ಯ ಹಕ್ಕು ಕಾಯ್ದೆಯ ಅರ್ಜಿ ಹಾಕಿದೆವು. ಬುಡಕಟ್ಟಿನವರಲ್ಲದಿದ್ದರೆ ಮೂರು ತಲೆಮಾರು, ಅಂದರೆ 75 ವರ್ಷ, ಕಾಡನ್ನೇ ನಂಬಿ ಬದುಕಿದ್ದಕ್ಕೆ ಪುರಾವೆ ಬೇಕಂತೆ. 1964ರ ತನಕ ನಾವಿದ್ದದ್ದು ತಮ್ಮ ತಳದಲ್ಲಿ, ಸ್ವಾಮಿ. ಸಾಕ್ಷಿ ಹೇಳಬಲ್ಲವರು ತಾವೊಬ್ಬರೇ. ಆದ್ದರಿಂದ ಬರುವ ಬೇಸಿಗೆಯಲ್ಲಿ ದಯವಿಟ್ಟು ನೀರು ತುಸು ಹೆಚ್ಚೇ ಇಳಿಸಿ. ಸ್ಥಳ ಮಹಜರಿಗೆ ಸಾಹೇಬರನ್ನು ಕರೆತರುತ್ತೇವೆ. ಕೆಸರಿನಲ್ಲಿ ಅವರ ಜೀಪು ಹೂತರೆ ತಳ್ಳಲು ನಾವಿದ್ದೇವೆ.

ಇಂತಿ ತಮ್ಮ ವಿಧೇಯ,
ಮುಳುಗಡೆ ಸಂತ್ರಸ್ತರು (ಕಡತದ ಪ್ರಕಾರ ಒತ್ತುವರಿದಾರರು)