ಮುದಿ ಎತ್ತಿಗೆ ಪಾಲುದಾರರು ಬೇಕಾಗಿದ್ದಾರೆ

ಇಂಗ್ಲೆಂಡಿನಲ್ಲಿ ಕುದುರೆಗೆ ವಯಸ್ಸಾದರೆ ಒಡೆಯ ಪಾಲುದಾರನನ್ನು ಹುಡುಕುತ್ತಾನೆ. ಕುದುರೆ ಒಡೆಯನದೇ. ಮೇವಿನ ಖರ್ಚಿನಲ್ಲಿ ಒಂದು ಪಾಲು ಇನ್ನೊಬ್ಬನದು. ಆ ಇನ್ನೊಬ್ಬ ವಾರಕ್ಕೆರಡು ದಿನ ಬಂದು ಮೈ ತಿಕ್ಕುತ್ತಾನೆ, ಲಾಯ ಬಳಿಯುತ್ತಾನೆ, ನಿಧಾನಕ್ಕೆ ಒಂದು ಸುತ್ತು ಹಾಕಿಸುತ್ತಾನೆ. ಅದೂ ಹೊಂದದಿದ್ದರೆ ಎರವಲು ಪದ್ಧತಿ ಇದೆ. ಕರಾರು ಬರೆದು ಕುದುರೆಯನ್ನು ಬೇರೆಯವರ ಲಾಯಕ್ಕೆ ಕಳಿಸುತ್ತಾರೆ. ಅವರಿಗೆ ಸಾಕಲಾಗದಿದ್ದರೆ ವಾಪಸ್ ಬರುತ್ತದೆ. ಬ್ಲೂ ಕ್ರಾಸ್‌ನಂಥ ಸಂಸ್ಥೆಗಳು ಈ ಕೆಲಸವನ್ನೂ ಮಾಡುತ್ತವೆ. ಸವಾರಿಗೆ ಬಾರದ ಕುದುರೆಯನ್ನೂ ನಮ್ಮ ಕುದುರೆಗೆ ಜೊತೆಯಾಗಲಿ ಎಂದು ಒಯ್ಯುವವರಿದ್ದಾರೆ.

ಅವರು ಪ್ರಾಣಿಗೆ ಆರತಿ ಎತ್ತುವವರಲ್ಲ. ದನ ತಿನ್ನುವ ಜನ. ಧರ್ಮ ಗೊತ್ತಿರುವುದು ನಮಗೆ.

ನಮ್ಮ ಕೊಪ್ಪಳ ಸೀಮೆಯಲ್ಲಿ ಕುದುರೆ ಈಗ ಮದುವೆ ಮೆರವಣಿಗೆಯ ಎರಡು ತಾಸಿನ ಸಾಮಾನು. ಟಾಂಗಾ ಹೋಯಿತು, ಆಟೋ ಬಂತು. ಟಾಂಗಾದ ಕುದುರೆ ಎಲ್ಲಿ ಹೋಯಿತೆಂದು ಕೇಳಿದವರಿಲ್ಲ. ಆದ್ದರಿಂದ ಕುದುರೆಯ ಜಾಗದಲ್ಲಿ ಎತ್ತನ್ನು ನಿಲ್ಲಿಸೋಣ. ಇಂಗ್ಲಿಷರ ಹಾಗೆಯೇ ಒಂದು ಜಾಹೀರಾತು ಕೊಟ್ಟು ನೋಡೋಣ.

‘ಎತ್ತು. ವಯಸ್ಸು ಹದಿನೈದು. ಬಾಯಿ ಕೂಡಿ ಯಾವ ಕಾಲವೋ ಆಯಿತು. ಯಲಬುರ್ಗಾದ ಎರಿ ಹೊಲದಲ್ಲಿ ಹರೆಯವೆಲ್ಲ ದುಡಿದಿದೆ. ಹಿಂಗಾಲು ಕೊಂಚ ಕುಂಟು. ಹಾಯುವುದಿಲ್ಲ, ಒದೆಯುವುದಿಲ್ಲ. ಮೇವಿನಲ್ಲಿ ಅರ್ಧ ಪಾಲು ಹೊರುವ ಗೋಭಕ್ತರು ಬೇಕಾಗಿದ್ದಾರೆ. ಸಗಣಿಯಲ್ಲೂ ಅರ್ಧ ಪಾಲು ಉಂಟು.’

ಏನಾಗುತ್ತದೆಂದು ನಿಮಗೂ ಗೊತ್ತು, ನನಗೂ ಗೊತ್ತು.

ಒಬ್ಬ ಫೋಟೋ ಕಳಿಸಿ ಎನ್ನುತ್ತಾನೆ. ಕಳಿಸಿದರೆ ಹತ್ತು ಜೋಡಿ ಮುಗಿದ ಕೈ ವಾಪಸ್ ಬರುತ್ತವೆ. ಬೆಂಗಳೂರಿಗೆ ಹೋಗಿ ಕೂತ ನೆಂಟ ಫೋನು ಮಾಡುತ್ತಾನೆ: ‘ನಂಗ ದನ ಅಂದ್ರ ಜೀವಾ ನೋಡ್ರಿ. ಆದ್ರ ನಮ್ದು ಮೂರನೇ ಫ್ಲೋರು.’ ಇನ್ನೊಬ್ಬ ಎತ್ತು ಎಷ್ಟು ಲೀಟರ್ ಕೊಡ್ತದ ಎಂದು ಕೇಳುತ್ತಾನೆ. ಇವನು ನಮ್ಮ ಪೈಕಿ ಅತ್ಯಂತ ಪ್ರಾಮಾಣಿಕ.

ಕಡೆಗೆ ಒಬ್ಬ ಗುಡುಗುತ್ತಾನೆ: ‘ಕಟುಕರಿಗೆ ಕೊಟ್ಟೀರಿ, ಜ್ವಾಕಿ!’ ಹಾಗಿದ್ದರೆ ನೀವೇ ಒಯ್ಯಿರಿ ಎನ್ನಿ. ಲೈನು ಕಟ್ಟಾಗುತ್ತದೆ. ಹುಲಿಗಿಯಿಂದ ಹನುಮಸಾಗರದವರೆಗೆ ಎಲ್ಲೂ ನೆಟ್‌ವರ್ಕ್ ಸಿಗುವುದಿಲ್ಲ.

ಹಾಗೆಂದು ಪಾಲು ನಮಗೆ ಹೊಸದಲ್ಲ. ಆಕಳನ್ನು ಪಾಲಿಗೆ ಹಾಕುತ್ತೇವೆ, ಸಾಕಿದವನಿಗೆ ಹುಟ್ಟುವ ಕರುವಿನಲ್ಲಿ ಅರ್ಧ. ಆಡು ಕುರಿಗೂ ಅದೇ ಲೆಕ್ಕ. ಬರುವುದರಲ್ಲಿ ಪಾಲು ಕೇಳಲು ಸಾಲು ನಿಲ್ಲುತ್ತಾರೆ. ಮುದಿ ಎತ್ತಿನಿಂದ ಬರುವುದೇನು? ಕೆಮ್ಮು.

ಗೋಹತ್ಯೆ ತಡೆಯ 1964ರ ಹಳೇ ಕಾಯ್ದೆಯಲ್ಲಿ 12 ವರ್ಷ ದಾಟಿದ ಎತ್ತಿಗೆ, ಅಧಿಕಾರಿಯ ಪ್ರಮಾಣಪತ್ರ ಸಿಕ್ಕರೆ, ಒಂದು ದಾರಿ ಇತ್ತು. ಘೋರ ದಾರಿಯೇ. ಆದರೆ ಹೊಸ ಜೋಡಿ ಕೊಳ್ಳಲು ರೈತನ ಕೈಗೆ ನಾಲ್ಕು ಕಾಸು ಬರುತ್ತಿತ್ತು. ಗೋಹತ್ಯೆ ನಿಷೇಧದ 2020ರ ಕಾಯ್ದೆ ಆ ದಾರಿ ಮುಚ್ಚಿತು. ಎತ್ತು, ಹೋರಿ, ಆಕಳು, ಕರು ಯಾವ ವಯಸ್ಸಿನದನ್ನೂ ಕೊಲ್ಲುವಂತಿಲ್ಲ. ಕೊಂದರೆ 3ರಿಂದ 7 ವರ್ಷ ಜೈಲು, 50 ಸಾವಿರದಿಂದ 5 ಲಕ್ಷ ರೂಪಾಯಿ ದಂಡ. 13 ದಾಟಿದ ಎಮ್ಮೆ ಕೋಣಗಳಿಗೆ ಮಾತ್ರ ಈ ರಕ್ಷಣೆ ಇಲ್ಲ. ಎಮ್ಮೆ ಮಾತೆಯಲ್ಲ. ಬರೀ ಹಾಲು ಕೊಡುತ್ತದೆ.

ಸರಿ, ಕೊಲ್ಲಬಾರದು. ಒಪ್ಪಿದೆ. ಸಾಕುವವರು ಯಾರು?

ಈ ಪ್ರಶ್ನೆ ಕೇಳಿದವನನ್ನು ಸದನದ ಒಳಗೂ ಹೊರಗೂ ಧರ್ಮದ್ರೋಹಿ ಎನ್ನುತ್ತಾರೆ. ಉತ್ತರ ಕೊಡುವುದಕ್ಕಿಂತ ಅದು ಅಗ್ಗ.

ಇನ್ನೊಂದು ಕಾಯ್ದೆಯೂ ಇದೆ. ಪ್ರಾಣಿ ಹಿಂಸೆ ತಡೆ ಕಾಯ್ದೆ, 1960. ಹಸಿವು ನೀರಡಿಕೆಯಲ್ಲಿ ನರಳುವಂತೆ ಪ್ರಾಣಿಯನ್ನು ಬೀದಿಗೆ ಬಿಡುವುದು ಅದರಡಿ ಅಪರಾಧ. ಮೊದಲ ಸಲಕ್ಕೆ ದಂಡ ಎಷ್ಟು ಗೊತ್ತೇ? 10 ರೂಪಾಯಿಯಿಂದ 50 ರೂಪಾಯಿ. ಕತ್ತಿಯಿಂದ ಕೊಂದರೆ 7 ವರ್ಷದವರೆಗೆ ಜೈಲು. ಉಪವಾಸದಿಂದ ಕೊಂದರೆ ಒಂದು ಗಿರ್ಮಿಟ್ಟಿನ ದುಡ್ಡು. ಎತ್ತಿನ ಮೇಲೆ ನಮಗಿರುವ ಭಕ್ತಿಗೆ ಇಷ್ಟು ಖಚಿತವಾದ ದರಪಟ್ಟಿ ಬೇರೆಲ್ಲೂ ಸಿಗದು. ಕುದುರೆ ಕತ್ತೆಗಳಿಗಂತೂ 2020ರ ಕಾಯ್ದೆಯಲ್ಲಿ ಹೆಸರೇ ಇಲ್ಲ. ಅವನ್ನು ಬೀದಿಗೆ ಬಿಟ್ಟವರಿಗೆ ಇರುವುದೂ ಈ 10 ರೂಪಾಯಿಯೇ.

ರೈತನೇನು ಸಾಚಾ ಅಲ್ಲ. ಸಂತೆಯಲ್ಲಿ ದಲ್ಲಾಳಿ ಟವೆಲ್ ಕೆಳಗೆ ಬೆರಳು ಹಿಡಿಯುತ್ತಾನೆ, ರೇಟು ಕುದುರುತ್ತದೆ. ಎಲ್ಲಿಗೆ ಒಯ್ತಿ ಎಂದು ರೈತ ಕೇಳುವುದಿಲ್ಲ. ಸಾಕಾಕ ಒಯ್ಯಾಕತ್ತೀನಿ ಎಂದು ದಲ್ಲಾಳಿ ತಾನಾಗೇ ಹೇಳುತ್ತಾನೆ. ಕುಂಟು ಎತ್ತನ್ನು, ಅದೂ ರಾತ್ರಿ, ಅದೂ ರಾಜ್ಯದ ಗಡಿ ಕಡೆ ಮುಖ ಮಾಡಿದ ಗಾಡಿಯಲ್ಲಿ, ಸಾಕಲು ಒಯ್ಯುತ್ತಾನೆ. ಊರಿಗೆ ಊರೇ ನಂಬುತ್ತದೆ. ದಲ್ಲಾಳಿ ಬಾರದ ಕಡೆ ರೈತ ಹಗ್ಗ ಬಿಚ್ಚುತ್ತಾನೆ, ಅಷ್ಟೇ. ಕುಷ್ಟಗಿಯ ಮೇಲೆ ಹಾದು ಹೋಗುವ 50ನೇ ನಂಬರಿನ ಹೆದ್ದಾರಿಯಲ್ಲಿ ರಾತ್ರಿ ಗಾಡಿ ಓಡಿಸಿದವರಿಗೆ ಮುಂದಿನ ಕಥೆ ಹೇಳಬೇಕಾಗಿಲ್ಲ. ಲಾರಿ ಎತ್ತಿನ ವಯಸ್ಸು ಕೇಳುವುದಿಲ್ಲ, ಪ್ರಮಾಣಪತ್ರವನ್ನೂ ಕೇಳುವುದಿಲ್ಲ.

ಟ್ರ್ಯಾಕ್ಟರ್ ಹಳತಾದರೆ ಎಕ್ಸ್‌ಚೇಂಜ್ ಆಫರ್ ಇದೆ. ಬ್ಯಾಂಕ್ ಸಾಲವೂ ಇದೆ.

ಸರ್ಕಾರ ಸುಮ್ಮನೆ ಕೂತಿರಲಿಲ್ಲ ಬಿಡಿ. 2022ರ ಜುಲೈನಲ್ಲಿ ಮುಖ್ಯಮಂತ್ರಿ ಬೊಮ್ಮಾಯಿ ಪುಣ್ಯಕೋಟಿ ದತ್ತು ಯೋಜನೆ ತಂದರು. ವರ್ಷಕ್ಕೆ 11,000 ರೂಪಾಯಿ ಕೊಟ್ಟರೆ ಗೋಶಾಲೆಯ ಒಂದು ಜಾನುವಾರು ನಿಮ್ಮ ದತ್ತು. ದಿನಕ್ಕೆ 30 ರೂಪಾಯಿ. ಗಂಗಾವತಿ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಮನುಷ್ಯ ಮಿರ್ಚಿ ತಿಂದು ಚಹಾ ಕುಡಿದು ಎದ್ದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಎತ್ತು ಅದರಲ್ಲಿ ಇಡೀ ದಿನ ತಳ್ಳಬೇಕು.

ಮನೆಗೆ ಒಯ್ಯುವ ಹಾಗಿಲ್ಲ, ಸಗಣಿ ಬಳಿಯುವ ಕರ್ಮ ಇಲ್ಲ. ರಸೀದಿ ಮನೆಗೇ ಬರುತ್ತದೆ. ಇಷ್ಟು ಸಲೀಸಾದ ವಾತ್ಸಲ್ಯಕ್ಕೂ ಜನ ಮುಗಿಬೀಳಲಿಲ್ಲ. ಆಗ ಸರ್ಕಾರಿ ನೌಕರರ ಸಂಬಳಕ್ಕೆ ಕೈ ಹೋಯಿತು. ಎ ವೃಂದಕ್ಕೆ 11,000, ಬಿ ವೃಂದಕ್ಕೆ 4,000, ಸಿ ವೃಂದಕ್ಕೆ 400 ರೂಪಾಯಿ. 400 ರೂಪಾಯಿಗೆ ಹದಿಮೂರು ದಿನದ ಮೇವು. ಹದಿನಾಲ್ಕನೇ ದಿನ ಗುಮಾಸ್ತನ ಮಾತೃಪ್ರೇಮ ತೀರುತ್ತದೆ. ನಟ ಸುದೀಪ್ ರಾಯಭಾರಿಯಾದರು, ಜಿಲ್ಲೆಗೊಂದರಂತೆ 31 ಹಸು ದತ್ತು ಪಡೆಯುವುದಾಗಿ ಹೇಳಿದರು. ಕೊಪ್ಪಳದ ಪಾಲಿಗೆ ಒಂದು. ಅವರನ್ನು ಯಾಕೆ ಅನ್ನಲಿ, ಒಂದಾದರೂ ಲೆಕ್ಕಕ್ಕೆ ಸಿಕ್ಕಿತು. ವೇದಿಕೆಯ ಮುಂದೆ ಕೂತು ಚಪ್ಪಾಳೆ ತಟ್ಟಿದವರ ಪಟ್ಟಿ ತೆಗೆಯಿರಿ.

ಯೋಜನೆಗೆ ಪುಣ್ಯಕೋಟಿ ಎಂದು ಹೆಸರಿಟ್ಟವರ ಧೈರ್ಯ ಮೆಚ್ಚಬೇಕು. ಹಾಡಿನಲ್ಲಿ ಕೊಟ್ಟ ಮಾತು ಉಳಿಸಿಕೊಂಡದ್ದು ಹಸು. ಯೋಜನೆಯಲ್ಲಿ ಆ ಕೆಲಸಕ್ಕೆ ಯಾರನ್ನೂ ನೇಮಿಸಲಿಲ್ಲ. ಹಾಡಿನ ಪುಣ್ಯಕೋಟಿಯೋ ಎಳೇ ಕರುವಿನ ತಾಯಿ, ಕೆಚ್ಚಲು ತುಂಬಿದವಳು. ಅವಳು ಹಲ್ಲುದುರಿ, ಹಾಲು ಬತ್ತಿ ಬಾಗಿಲಿಗೆ ಬಂದಿದ್ದರೆ ಹಾಡು ಎರಡನೇ ಸಾಲಿಗೇ ನಿಲ್ಲುತ್ತಿತ್ತು.

ಬರ ಬಿದ್ದ ವರ್ಷ ಜಿಲ್ಲಾಡಳಿತ ಗೋಶಾಲೆ, ಮೇವು ಬ್ಯಾಂಕು ಎಂದು ಓಡಾಡುತ್ತದೆ. ಕುಷ್ಟಗಿ, ಯಲಬುರ್ಗಾದ ಜನ ಕಣಕಿಗಾಗಿ ಕೈಯೊಡ್ಡುತ್ತಾರೆ. ಅದೇ ಜಿಲ್ಲೆಯ ಇನ್ನೊಂದು ತುದಿ ಗಂಗಾವತಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕುಡಿದು ಬೆಳೆದ ಭತ್ತದ ಕಣಜ. ಕಟಾವಿನ ಮಷಿನ್ ಕಾಳು ನುಂಗಿ ಹುಲ್ಲು ಉಗುಳಿ ಹೋಗುತ್ತದೆ. ಮುಂದಿನ ನಾಟಿಗೆ ತಡವಾಗುತ್ತದೆಂದು ಗದ್ದೆಗಳಲ್ಲಿ ಆ ಹುಲ್ಲಿಗೆ ಕಡ್ಡಿ ಗೀರುತ್ತಾರೆ. ಒಂದೇ ಜಿಲ್ಲೆ, ಒಬ್ಬರೇ ಜಿಲ್ಲಾಧಿಕಾರಿ. ಒಂದು ಕಡೆ ಹೊಗೆ, ಇನ್ನೊಂದು ಕಡೆ ಮೇವಿನ ಟೆಂಡರ್.

ಮಳೆ ಬಿದ್ದ ಮರುವಾರ ಗೋಶಾಲೆ ಮುಚ್ಚುತ್ತದೆ. ಎತ್ತಿಗೆ ಹವಾಮಾನ ವರದಿ ಓದಲು ಬರುವುದಿಲ್ಲ. ಅದು ಇನ್ನೂ ಗೋದಲಿ ನೋಡುತ್ತ ನಿಂತಿರುತ್ತದೆ.

ಪ್ರಾಣಿಗಳ ಮೇಲೆ ನಮಗೆ ಪ್ರೀತಿ ಇಲ್ಲ ಎಂದರೆ ಸುಳ್ಳಾದೀತು. ಅಪಾರ ಪ್ರೀತಿ ಇದೆ. ಒಂದೇ ಷರತ್ತು, ಅದು ಮೇವು ಕೇಳಬಾರದು.

ಕಾರ ಹುಣ್ಣಿಮೆಗೆ ಎತ್ತಿನ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಜೂಲ ಹೊದಿಸಿ ಕರಿ ಹರಿಸುತ್ತೇವೆ. ಕುಂಟುವ ಎತ್ತನ್ನು ಅಂದು ಹಿತ್ತಲಲ್ಲಿ ಕಟ್ಟಿರುತ್ತೇವೆ. ಅದಾಗಿ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಮಣ್ಣಿನ ಎತ್ತಿಗೆ ಹೋಳಿಗೆಯ ಎಡೆ. ಅದು ತಿನ್ನುವುದಿಲ್ಲ, ನಾವೇ ತಿನ್ನುತ್ತೇವೆ. ಎಂಥ ಆದರ್ಶ ಜಾನುವಾರು!

ಆನೆಗೊಂದಿಯಿಂದ ಹೊಳೆ ದಾಟಿದರೆ ಹಜಾರರಾಮನ ಗುಡಿ. ಪೌಳಿಯ ಮೇಲೆ ಸಾಲುಸಾಲು ಕಲ್ಲಿನ ಕುದುರೆ. ಅವಕ್ಕೆ ಕೇಂದ್ರ ಸರ್ಕಾರದ ಇಲಾಖೆಯ ಕಾವಲಿದೆ. ಮುಟ್ಟಿದರೆ ಸೀಟಿ ಊದುತ್ತಾರೆ. ಇನ್ನು ಭಾನಾಪುರದ ಆಟಿಕೆ ಕ್ಲಸ್ಟರ್. 2021ರ ಜನವರಿಯಲ್ಲಿ ಶಂಕುಸ್ಥಾಪನೆ, 400 ಎಕರೆ ಜಾಗ. ಗೋಹತ್ಯೆ ನಿಷೇಧ ಜಾರಿಗೆ ಬಂದದ್ದೂ ಅದೇ ತಿಂಗಳು. ಆಟಿಕೆಗೆ ಜಮೀನು ಸಿಕ್ಕಿತು. ನಿಜವಾದ ಎತ್ತಿಗೆ ಕಾಯ್ದೆ ಸಿಕ್ಕಿತು. ಕಾಯ್ದೆಯ ಪುಸ್ತಕವನ್ನೂ ದನ ತಿನ್ನುತ್ತದೆ, ಆದರೆ ಹೊಟ್ಟೆ ತುಂಬುವುದಿಲ್ಲ.

(ಕಲ್ಲ ನಾಗರದ ಮಾತನ್ನು ಬಸವಣ್ಣ ಹನ್ನೆರಡನೇ ಶತಮಾನದಲ್ಲೇ ಆಡಿ ಮುಗಿಸಿದ್ದಾನೆ. ನಾವು ಅದನ್ನೂ ಕಲ್ಲಿನ ಮೇಲೆ ಕೆತ್ತಿಸಿ, ಶಾಸಕರಿಂದ ಉದ್ಘಾಟನೆ ಮಾಡಿಸಿದೆವು.)

ಕುದುರೆಯ ವಿಷಯಕ್ಕೆ ಬಂದರೆ ನಮ್ಮ ಹೊಳೆದಂಡೆಗೆ ಒಂದು ದೊಡ್ಡ ಚರಿತ್ರೆ ಇದೆ. ಹದಿನಾರನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. ಅಲ್ಲಿನ ಹಿಂದಿನ ಅರಸ ಸಾಳುವ ನರಸಿಂಹ ಹೊರ್ಮುಜ್, ಏಡನ್‌ಗಳಿಂದ ಕುದುರೆ ತರಿಸುತ್ತಿದ್ದ. ಮೂರಕ್ಕೆ ಸಾವಿರ ಪರ್ದಾವ್ ನಾಣ್ಯ ದರ. ಬದುಕಿದ್ದರೂ ಅದೇ ದರ, ಸತ್ತರೂ ಅದೇ ದರ. ಕಡಲಲ್ಲಿ ಸತ್ತ ಕುದುರೆಯ ಬಾಲವೊಂದನ್ನು ತಂದು ತೋರಿಸಿದರೆ ಸಾಕು, ಪೂರ್ತಿ ಹಣ.

ಅವನಿಗೆ ಯುದ್ಧ ಗೆಲ್ಲಬೇಕಿತ್ತು. ಕುದುರೆ ಬೇಕೇ ಬೇಕಿತ್ತು. ವ್ಯಾಪಾರಿ ಮತ್ತೆ ಹಡಗು ಹತ್ತಲಿ ಎಂದು ಬಾಲಕ್ಕೂ ದುಡ್ಡು ಎಣಿಸಿದ. ನಮಗೂ ಬಾಲ ಬೇಕು. ಸತ್ತ ಮೇಲೆ ವೈತರಣಿ ದಾಟಲು ಆಕಳ ಬಾಲ ಹಿಡಿಯಬೇಕಲ್ಲ. ಬಾಲದ ಮುಂದಿರುವ ಹೊಟ್ಟೆ ಬೇಡ. ಆದ್ದರಿಂದ ಗೋದಾನಕ್ಕೂ ಈಗ ಬೆಳ್ಳಿಯ ಹಸು ಬಂದಿದೆ. ಅಂಗೈಯಲ್ಲಿ ಹಿಡಿಯುತ್ತದೆ, ಕಪಾಟಿನಲ್ಲಿ ಮಲಗುತ್ತದೆ.

ಸರ್ಕಾರ ಬದಲಾದರೆ ಏನಾದರೂ ಆದೀತು ಎಂದುಕೊಂಡವರಿದ್ದರು. 2023ರ ಜೂನ್‌ನಲ್ಲಿ ಹೊಸ ಪಶುಸಂಗೋಪನಾ ಸಚಿವ ವೆಂಕಟೇಶ್ ಎಮ್ಮೆ ಕೋಣ ಕಡಿಯಬಹುದಾದರೆ ಹಸುವನ್ನು ಯಾಕೆ ಕಡಿಯಬಾರದು ಎಂದು ಕೇಳಿದರು. ಗದ್ದಲವೆದ್ದಿತು. ಪ್ರತಿಭಟನೆಗೆ ಜನ ಬಂದರು. ಬಂದವರಲ್ಲಿ ಎಷ್ಟು ಮಂದಿಯ ಹಟ್ಟಿಯಲ್ಲಿ ಮುದಿ ಎತ್ತಿತ್ತೋ ಎಣಿಸಿದವರಿಲ್ಲ. ಗದ್ದಲ ಅಡಗಿತು. ಕಾಯ್ದೆ ಇದ್ದಲ್ಲೇ ಉಳಿಯಿತು. ಒಬ್ಬರಿಗೆ ಅದನ್ನು ತಂದ ಪುಣ್ಯ, ಇನ್ನೊಬ್ಬರಿಗೆ ಅದನ್ನು ಬೈದ ಪುಣ್ಯ. ಮೇವಿನ ಬಿಲ್ಲು ಮಾತ್ರ ಯಲಬುರ್ಗಾದ ಎರಡೆಕರೆಯವನ ಹೆಸರಿಗೆ.

ಮುದಿ ಎತ್ತಿಗೆ ಗಿರಾಕಿಯೇ ಇಲ್ಲವೆಂದು ದೂರುವುದೂ ಪೂರ್ತಿ ನ್ಯಾಯವಲ್ಲ. ಪೆಟ್ರೋಲ್ ದರ ಏರಲಿ. 2021ರ ಸೆಪ್ಟೆಂಬರ್‌ನಲ್ಲಿ, ಆಗ ವಿರೋಧ ಪಕ್ಷದಲ್ಲಿದ್ದ ಸಿದ್ದರಾಮಯ್ಯ, ಡಿ.ಕೆ. ಶಿವಕುಮಾರ್ ವಿಧಾನಸೌಧಕ್ಕೆ ಎತ್ತಿನ ಗಾಡಿಯಲ್ಲೇ ಹೋದರು. ಆ ಮೇಲ್ಪಂಕ್ತಿ ಊರೂರಿಗೂ ಇಳಿದಿದೆ. ವಿರೋಧ ಪಕ್ಷದಲ್ಲಿ ಯಾರೇ ಇರಲಿ, ದರ ಏರಿದ ದಿನ ಫೋನು ಬಂದೇ ಬರುತ್ತದೆ:

‘ಎತ್ತು ಐತಂತಲ್ರೀ ನಿಮ್ಕಡೆ? ಎರಡು ತಾಸಿಗೆ ಬೇಕಾಗಿತ್ತು. ಕುಂಟಿದ್ರೂ ನಡೀತದ, ಫೋಟೋದಾಗ ಕಾಣೂದಿಲ್ಲ. ಕೋಡಿಗೆ ನಮ್ಮ ಪಾರ್ಟಿ ಬಣ್ಣ ಹಚ್ಚಿಸಿಡ್ರಿ. ಮೇವಾ? ಅದನ್ನ ನೀವಾ ನೋಡ್ಕೋಬೇಕ್ರಿ.’