ನೆಗೆಟಿವ್ ನೆಂಟರು

ನೆಗೆಟಿವ್‌ನಲ್ಲಿ ವಯಸ್ಸು ತಲೆಕೆಳಗು. ಅಜ್ಜಿಗೆ ಕಡುಗಪ್ಪು ಕೂದಲು, ತೊಡೆಯ ಮೇಲಿನ ಮೊಮ್ಮಗನಿಗೆ ನರೆ. ನಕ್ಕವರ ಹಲ್ಲೆಲ್ಲ ಹೊಗೆಸೊಪ್ಪು ಜಗಿದವರ ಹಾಗೆ. ಅಪ್ಪನ ಟ್ರಂಕಿನಲ್ಲಿದ್ದ ಈ ಪ್ರೇತಬಳಗವನ್ನು ಮತ್ತೆ ಮನುಷ್ಯರನ್ನಾಗಿಸುವ ಹುಚ್ಚು ಈಗ ನನಗೆ. ಹೂವು, ಹುಳು ತೆಗೆಯುವೆನೆಂದು ಕೊಂಡು ಬೀರು ಸೇರಿದ್ದ ಮ್ಯಾಕ್ರೋ ಲೆನ್ಸಿಗೂ ಒಂದು ನೌಕರಿ ಸಿಕ್ಕಿತು.

ಕೆಳಗೆ ಎಲ್‌ಇಡಿ ಬೆಳಕಿನ ಹಲಗೆ, ಅದರ ಮೇಲೆ ಫಿಲ್ಮ್, ಮೇಲಿನಿಂದ ಕತ್ತು ಬಗ್ಗಿಸಿದ ಕ್ಯಾಮೆರಾ. 35 ಮಿ.ಮೀ. ಫಿಲ್ಮಿನ ಒಂದು ಚಿತ್ರ 36 × 24 ಮಿ.ಮೀ.; ಫುಲ್‌ಫ್ರೇಮ್ ಸೆನ್ಸರೂ ಅಷ್ಟೇ. 1:1 ಮ್ಯಾಕ್ರೋ ಇದ್ದರೆ ಅಳತೆಗೆ ಅಳತೆ ಕೂರುತ್ತದೆ. ಕ್ಯಾಮೆರಾ ಓರೆಯಾಗಿದೆಯೇ ಎಂಬ ಅನುಮಾನ ಬಂದರೆ ಫಿಲ್ಮಿನ ಜಾಗದಲ್ಲಿ ಕನ್ನಡಿ ಇಡಿ. ಲೆನ್ಸಿಗೆ ತನ್ನ ಮುಖ ನಟ್ಟನಡುವೆ ಕಂಡರೆ ಸರಿ. ಫಿಲ್ಮನ್ನು ಮಗುಚಿ ಇಟ್ಟಿದ್ದೀರೋ ಎಂದು ತಿಳಿಯಲು ಹೆಂಗಸರ ಸೆರಗು ನೋಡಿ. ಎಲ್ಲರದೂ ಬಲಹೆಗಲಿಗೆ ಹೋಗಿದ್ದರೆ ಎಡವಟ್ಟಾಗಿದೆ. (ಕೊಡವರ ಮದುವೆಯಲ್ಲಿ ಈ ಪರೀಕ್ಷೆ ನಡೆಯದು.)

ಊಟಿಯ ಕಾರ್ಖಾನೆಯ ‘ಇಂದು’ ಫಿಲ್ಮಿನಂಥ ಕಪ್ಪು-ಬಿಳುಪು ಸಾಧು ಪ್ರಾಣಿ, ಕಪ್ಪನ್ನು ಬಿಳಿಗೆ, ಬಿಳಿಯನ್ನು ಕಪ್ಪಿಗೆ ತಿರುವಿದರೆ ಸಾಕು. ಬಣ್ಣದ್ದಕ್ಕೆ ಕಿತ್ತಳೆ ಛಾಯೆಯೊಂದಿದೆ. ಬಣ್ಣದ್ರವ್ಯಗಳ ಕುಂದು ಸರಿದೂಗಿಸಲು ತಯಾರಕರೇ ಬೆರೆಸಿದ್ದು. ಅದನ್ನು ಕಳೆಯದೆ ತಿರುವಿದರೆ ಮದುವೆಮನೆಯವರೆಲ್ಲ ನೀಲಮೇಘಶ್ಯಾಮರು.

ಗಮ್ಮತ್ತಿರುವುದು ಅಂಚಿನಲ್ಲಿ. ಗೋಡೆಗೆ ತೂಗುಹಾಕುವ 10 × 8 ಅಂಗುಲದ ಪ್ರಿಂಟಿಗೆ 36 ಮಿ.ಮೀ. ಅಗಲದಲ್ಲಿ 30 ಮಾತ್ರ ಹಿಡಿಸುತ್ತದೆ. ಉಳಿದ ಆರರಲ್ಲಿ ಯಾರ್‍ಯಾರ ಮಾನ ಹೋಗಿದೆಯೋ! ನಮ್ಮ ಸೋದರತ್ತೆ, “ಆ ಫೋಟೋದಲ್ಲಿ ನಾನೂ ನಿಂತಿದ್ದೆ ಕಣೋ” ಎಂದು ವರ್ಷಗಟ್ಟಲೆ ಹೇಳುತ್ತಿದ್ದರು, ನಾವು ನಗುತ್ತಿದ್ದೆವು. ನೆಗೆಟಿವ್‌ನ ಎಡತುದಿಯಲ್ಲಿ ಅವರು ಸಾಕ್ಷಾತ್ ಪ್ರತ್ಯಕ್ಷ, ಕೈಯಲ್ಲಿ ಕುಂಕುಮದ ಬಟ್ಟಲು. ಓಡಿಹೋಗಿ ತೋರಿಸಿದೆ. ಕನ್ನಡಕ ಏರಿಸಿ ದಿಟ್ಟಿಸಿದರು. “ಅಯ್ಯೋ, ಬಾಯಿ ತೆರಕೊಂಡು ನಿಂತಿದೀನಲ್ಲೋ! ಕತ್ತರಿಸಿದ್ದೇ ಒಳ್ಳೇದಾಯ್ತು.”

ಧೂಳಿನ ಕತೆ ಬೇಡ. ಊದುತ್ತಿದ್ದರೆ ಆಯುಷ್ಯವೇ ಮುಗಿಯುತ್ತದೆ. ನಿಮ್ಮ ಮನೆಯಲ್ಲೂ ಅಂಥ ಟ್ರಂಕಿದ್ದರೆ ಈ ಭಾನುವಾರವೇ ತೆರೆಯಿರಿ. ವಿನೆಗರ್‌ನಂಥ ಹುಳಿ ವಾಸನೆ ಬಡಿದರೆ ಅಸಿಟೇಟ್ ಫಿಲ್ಮ್ ಕೆಡತೊಡಗಿದೆ ಎಂದರ್ಥ. ಅದನ್ನೇ ಮೊದಲು ನಕಲು ಮಾಡಿಕೊಳ್ಳಿ, ಬೇರೆ ಡಬ್ಬಿಯಲ್ಲಿಡಿ. ನಕಲಾಯಿತೆಂದು ನೆಗೆಟಿವ್ ಎಸೆಯಬೇಡಿ.